ಹೇಳುವ ಪುಟ, ಕೇಳುವ ಪುಟ

ನಮ್ಮ ಸಂಘದ ಸಭಾಗೃಹದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವ ಮಕ್ಕಳ ತರಗತಿಯ ವಿಷಯ ಈ ಪತ್ರಿಕೆಯ ಓದುಗರಿಗೆ ತೀರ ಹೊಸದೇನೂ ಅಲ್ಲ. ಕನ್ನಡ ಓದುಬರಹ ಕಲಿಸುತ್ತೇವೆ ಎಂದು ಕರೆ ಕೊಟ್ಟಾಗ ಬಂದವರು ಆರು ಮಕ್ಕಳು. ಕನ್ನಡದಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತೇವೆ ಎಂದು ಕರೆದಾಗ ಇಪ್ಪತ್ತಮೂರು ಮಕ್ಕಳು ಬಂದರು. ಡೊಂಬಿವಲಿಯಿಂದ, ವಸಯಿಯಿಂದ, ನವಿ ಮುಂಬಯಿಯಿಂದ ಲೋಕಲ್ ಹಿಡಿದು, ಅಪ್ಪನ ಹಳೆಯ ಲ್ಯಾಪ್‌ಟಾಪನ್ನು ಬೆನ್ನಿಗೇರಿಸಿಕೊಂಡು ಬರುತ್ತಾರೆ. ಕಹಿ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ನುಂಗಿಸುವ ಉಪಾಯ ಇದು ಎಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ನಕ್ಕಿದ್ದರು. ಎರಡು ವರ್ಷ ಕಳೆದ ಮೇಲೆ ಈಗ ಯಾವುದು ಹಣ್ಣು, ಯಾವುದು ಮಾತ್ರೆ ಎಂಬುದು ಕಲಿಸುವ ನಮಗೇ ಸರಿಯಾಗಿ ತಿಳಿಯದಂತಾಗಿದೆ. ಆ ಗೊಂದಲವನ್ನೇ ಇಲ್ಲಿ ಓದುಗರ ಮುಂದಿಡಬೇಕೆಂದಿದ್ದೇವೆ.

ಮೊದಲ ವರ್ಷದಲ್ಲಿ ತೊಂದರೆಯೇನೂ ಇರಲಿಲ್ಲ. ಆಗ ಕಲಿಸಿದ್ದು ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್. ಇದು ತಲೆಬರಹ, ಇದು ಪ್ಯಾರಾ, ಇಲ್ಲಿ ಚಿತ್ರ ಎಂದು ಬ್ರೌಸರಿಗೆ ತಿಳಿಸುವುದು ಮೊದಲನೆಯದು. ಅಕ್ಷರದ ಬಣ್ಣ, ಗಾತ್ರ, ಅಂಚು ಇವನ್ನು ಹೊಂದಿಸುವುದು ಎರಡನೆಯದು. ನಮ್ಮ ಕಾಲದ ಶಾಲೆಗಳಲ್ಲಿ ಭಿತ್ತಿಪತ್ರಿಕೆ ಎಂಬುದೊಂದಿತ್ತಲ್ಲ, ಇದು ಅದರದೇ ಇನ್ನೊಂದು ರೂಪ. ಒಬ್ಬ ಹುಡುಗ ಅಜ್ಜನ ಊರಿನ ಕೆರೆಯ ಬಗೆಗೆ ಪುಟ ಮಾಡಿದ. ಉಡುಪಿಯ ಕಡೆಯ ಹುಡುಗಿಯೊಬ್ಬಳು ತಮ್ಮ ಮನೆತನದ ಭೂತಕೋಲದ ಚಿತ್ರಗಳನ್ನು ಜೋಡಿಸಿದಳು. ಧಾರವಾಡದ ಕಡೆಯವನೊಬ್ಬ ಅವ್ವ ಮಾಡುವ ಜೋಳದ ರೊಟ್ಟಿಯ ಬಗೆಗೆ ಬರೆದ. ಕಾಗುಣಿತ ತಪ್ಪಿತ್ತು, ರೊಟ್ಟಿ ಸರಿಯಾಗಿತ್ತು. ಈ ಪುಟಗಳೆಲ್ಲ ಹೇಳುವ ಪುಟಗಳು. ಬಂದವರು ಓದುತ್ತಾರೆ, ಇಲ್ಲವೆ ಬೇಸರವಾಗಿ ಹೊರಟುಹೋಗುತ್ತಾರೆ. ಬಂದವರು ಯಾರು, ಹೋದವರು ಯಾರು ಎಂಬುದು ಪುಟಕ್ಕೆ ತಿಳಿಯದು, ಬೇಕಾಗಿಯೂ ಇಲ್ಲ.

ಎರಡನೆಯ ವರ್ಷಕ್ಕೆ ‘ಮುಂದೇನು?’ ಎಂದು ತಂದೆತಾಯಂದಿರು ಕೇಳಿದರು. ಮಕ್ಕಳಂತೂ ಅದಕ್ಕೆ ಮೊದಲೇ ಕೇಳಿದ್ದರು. ಮುಂದಿನ ಮೆಟ್ಟಿಲು ಎಂದರೆ ಫಾರಂ, ಜಾವಾಸ್ಕ್ರಿಪ್ಟ್, ಮಾಹಿತಿಯನ್ನು ಕೂಡಿಡುವ ವಿಧಾನ. ಈ ವಿಷಯದಲ್ಲಿ ಪರಿಚಯವಿಲ್ಲದ ಓದುಗರಿಗಾಗಿ ಇಷ್ಟು ಹೇಳಿದರೆ ಸಾಕು: ಇಲ್ಲಿಂದ ಮುಂದೆ ಪುಟ ಹೇಳುವುದನ್ನು ಬಿಟ್ಟು ಕೇಳತೊಡಗುತ್ತದೆ. ನಿಮ್ಮ ಹೆಸರೇನು, ಹುಟ್ಟಿದ ದಿನ ಯಾವುದು, ಫೋನ್ ನಂಬರೇನು ಎನ್ನುತ್ತದೆ. ಕೊಟ್ಟ ಉತ್ತರವನ್ನು ಪರೀಕ್ಷಿಸುತ್ತದೆ, ಒಪ್ಪಿಗೆಯಾಗದಿದ್ದರೆ ತಿರುಗಿಸಿ ಕಳುಹಿಸುತ್ತದೆ, ಒಪ್ಪಿಗೆಯಾದರೆ ಎಲ್ಲಿಯೋ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ಮೊದಲ ಮೆಟ್ಟಿಲಿಗೂ ಎರಡನೆಯದಕ್ಕೂ ನಡುವೆ ಕಲಿಯಬೇಕಾದ ಪಾಠ ಬಹಳವೇನಿಲ್ಲ. ಚುರುಕಾದ ಎಂಟನೆಯ ತರಗತಿಯ ಮಗು ಮೂರು ತಿಂಗಳಲ್ಲಿ ದಾಟುತ್ತದೆ. ಆದರೆ ಆ ಮೂರು ತಿಂಗಳಲ್ಲಿ ಅದರ ಕೈಗೆ ಬರುವುದು ಬೇರೆ ಜಾತಿಯ ಶಕ್ತಿ. ತನ್ನ ಮಾತನ್ನು ಆಡುವುದು ಒಂದು. ಇನ್ನೊಬ್ಬರ ಬಾಯಿಂದ ಅವರ ಮಾತನ್ನು ಹೊರಡಿಸಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಹದಿನಾಲ್ಕು ವರ್ಷದ ಮಕ್ಕಳಿಗೆ ಈ ಅಧಿಕಾರವನ್ನು ಕೊಡುವುದು ಸರಿಯೆ? ಕೊಡುವುದಾದರೆ ಅದರ ಜತೆಗೆ ಇನ್ನೇನನ್ನು ಕೊಡಲು ನಾವು ಬದ್ಧರು?

ಫಾರಂ ಎಂದರೆ ಏನೆಂಬುದು ನಮ್ಮಂಥ ಹೊರನಾಡ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಾವು ಫಾರಂಗಳಿಂದ ಪೆಟ್ಟು ತಿಂದ ಜನ. ಮೈಸೂರಿನ ಕಡೆಯಿಂದ ಬಂದವರ ಹೆಸರಿನ ರೀತಿ ಎಲ್ಲರಿಗೂ ಗೊತ್ತು: ಮುಂದೆ ಒಂದೋ ಎರಡೋ ಅಕ್ಷರ, ಒಂದು ಊರಿನದು, ಒಂದು ತಂದೆಯದು; ಆಮೇಲೆ ಒಂದೇ ಹೆಸರು. ಮುಂಬಯಿಗೆ ಬಂದು ರೇಷನ್ ಕಾರ್ಡಿಗೆ, ಮಗುವನ್ನು ಶಾಲೆಗೆ ಸೇರಿಸುವುದಕ್ಕೆ, ಗ್ಯಾಸಿಗೆ ಅರ್ಜಿ ಹಾಕಲು ನಿಂತಾಗ ಕಿಟಕಿಯ ಆಚೆಯಿಂದ ಬರುವ ಪ್ರಶ್ನೆ, ‘ಆಡನಾವ್ ಕಾಯ್?’ ಆಡನಾವ್ ಇಲ್ಲ ಎಂದರೆ ಗುಮಾಸ್ತ ನಂಬುವುದಿಲ್ಲ. ಅವನ ತಪ್ಪೂ ಅಲ್ಲ. ಇಲ್ಲಿನ ಪದ್ಧತಿಯಲ್ಲಿ ಕಾಗದದ ಮೇಲೆ ಆಡನಾವ್ ಮೊದಲು, ತನ್ನ ಹೆಸರು ಆಮೇಲೆ, ತಂದೆಯ ಹೆಸರು ಕೊನೆಗೆ. ಖಾನೆ ಖಾಲಿ ಬಿಡುವಂತಿಲ್ಲ. ಹೀಗಾಗಿ ಕೆಲವರಿಗೆ ಊರೇ ಆಡನಾವ್ ಆಯಿತು, ಕೆಲವರಿಗೆ ತಂದೆಯ ಹೆಸರು ಆಯಿತು, ಕೆಲವರು ಜಾತಿಯನ್ನು ಬರೆಸಿ ಪಾರಾದರು. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಅಣ್ಣನ ಕಾಗದಪತ್ರಗಳಲ್ಲಿ ಊರಿನ ಹೆಸರು, ತಮ್ಮನವುಗಳಲ್ಲಿ ತಂದೆಯ ಹೆಸರು. ತಾಯಿ ತೀರಿಕೊಂಡ ಮೇಲೆ ಆಕೆಯ ಬ್ಯಾಂಕಿನ ಹಣ ಪಡೆಯಲು ಇಬ್ಬರೂ ತಾವು ಒಡಹುಟ್ಟಿದವರೆಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಒಂದು ಚೌಕದ ಖಾನೆ ಒಂದು ಕುಟುಂಬವನ್ನು ಎರಡಾಗಿ ಒಡೆದಿತ್ತು.

ಇಂಥ ಮನೆಗಳಿಂದಲೇ ನಮ್ಮ ವಿದ್ಯಾರ್ಥಿಗಳು ಬರುತ್ತಾರೆ. ಆದರೂ ನಡೆದದ್ದನ್ನು ನೋಡಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಂಘದ ಸದಸ್ಯತ್ವದ ಅರ್ಜಿಯನ್ನು ವೆಬ್ ಪುಟವಾಗಿ ಮಾಡಿದಳು. ಅಚ್ಚುಕಟ್ಟಾದ ಕೆಲಸ. ಫಸ್ಟ್ ನೇಮ್ ಒಂದು ಖಾನೆ, ಲಾಸ್ಟ್ ನೇಮ್ ಇನ್ನೊಂದು. ಎರಡರ ಮುಂದೆಯೂ ‘ರಿಕ್ವೈರ್ಡ್’ ಎಂಬ ಪದ ಸೇರಿಸಿದ್ದಳು. ಆ ಒಂದು ಪದವಿದ್ದರೆ ಸಾಕು, ಖಾನೆ ತುಂಬದೆ ಅರ್ಜಿ ಮುಂದೆ ಹೋಗುವುದಿಲ್ಲ. ಹೆಸರಿನಲ್ಲಿ ಏನೇನೋ ತುಂಬದಿರಲಿ ಎಂದು, ಎ ಯಿಂದ ಝಡ್‌ವರೆಗಿನ ಅಕ್ಷರಗಳನ್ನು ಮಾತ್ರ ಒಪ್ಪಬೇಕೆಂಬ ನಿಯಮವನ್ನೂ ಹಾಕಿದ್ದಳು. ಎಲ್ಲವೂ ಯಾವುದೋ ಮಾದರಿಯನ್ನು ನೋಡಿ ಮಾಡಿದ್ದು. ಆ ಭಾನುವಾರ ಮೊಮ್ಮಗಳ ಕೆಲಸ ನೋಡಲೆಂದು ಅವಳ ಅಜ್ಜಿಯೇ ಬಂದಿದ್ದರು. ಕನ್ನಡ ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ತಮ್ಮ ಹೆಸರು ಬರೆದರು. ಪುಟ ಒಪ್ಪಲಿಲ್ಲ, ಕೇಳಿದ ರೂಪದಲ್ಲಿ ಬರೆಯಬೇಕೆಂದು ಇಂಗ್ಲಿಷಿನಲ್ಲಿ ಸೂಚನೆ ಕೊಟ್ಟಿತು.

‘ನನ್ನ ಹೆಸರೇ ತಪ್ಪೇನೇ ಪುಟ್ಟಿ?’

‘ಇಲ್ಲ ಅಜ್ಜಿ, ಅದು ಹಾಗೇನೇ. ಇಂಗ್ಲಿಷಲ್ಲಿ ಹಾಕು, ಕೊನೇಲಿ ಏನಾದ್ರೂ ಒಂದು ಸರ್‌ನೇಮ್ ಹಾಕು, ಹೋಗತ್ತೆ.’

ಮುಂಬಯಿಗೆ ಬಂದ ಹೊಸದರಲ್ಲಿ ರೇಷನ್ ಕಚೇರಿಯ ಗುಮಾಸ್ತ ಆ ಅಜ್ಜಿಯ ಯಜಮಾನರಿಗೆ ಹೇಳಿದ್ದೂ ಬಹುಶಃ ಇದೇ ಮಾತು. ಕಿಟಕಿಯ ಈಚೆ ನಿಂತಿದ್ದ ಮನೆತನದ ಮಗು ಮೂರು ತಿಂಗಳ ಪಾಠದಲ್ಲಿ ಕಿಟಕಿಯ ಆಚೆಗೆ ಹೋಗಿ ಕುಳಿತಿತ್ತು. ಕುಳಿತದ್ದು ಅದಕ್ಕೆ ಗೊತ್ತಾಗಿರಲಿಲ್ಲ.

ಆ ದಿನ ಪಾಠವನ್ನು ಅಲ್ಲಿಗೆ ನಿಲ್ಲಿಸಿ ಹೆಸರುಗಳ ವಿಷಯವನ್ನೇ ಎತ್ತಿಕೊಂಡೆವು. ಯಂತ್ರ ನಮ್ಮ ಅಕ್ಷರಗಳನ್ನು ಎಣಿಸುವ ರೀತಿಯೇ ಬೇರೆ. ‘ಶ್ರೀನಿವಾಸ’ ಎಂಬುದರಲ್ಲಿ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಶ್ರೀ ಒಂದರಲ್ಲಿಯೇ ನಾಲ್ಕು: ಶ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘದ ಚಿಹ್ನೆ. ಒಟ್ಟು ಹೆಸರು ಒಂಬತ್ತಾಗುತ್ತದೆ. ಹೆಸರಿಗೆ ಎಂಟು ಸಾಕು ಎಂದು ಯಾರಾದರೂ ಮಿತಿ ಹಾಕಿದರೆ ನಮ್ಮ ಶ್ರೀನಿವಾಸ ಬಾಗಿಲಲ್ಲೇ ಉಳಿಯುತ್ತಾನೆ. ಮಕ್ಕಳಿಗೆ ಇದು ಬಹಳ ಮೋಜೆನಿಸಿತು. ತಮ್ಮ ತಮ್ಮ ಹೆಸರುಗಳನ್ನು ಎಣಿಸಿ ನೋಡಿದರು. ಆ ಹುಡುಗಿ ಮಾತ್ರ ಎಣಿಸಲಿಲ್ಲ. ಎರಡು ಖಾನೆಗಳನ್ನು ಅಳಿಸಿ ‘ನಿಮ್ಮ ಹೆಸರು’ ಎಂದು ಒಂದೇ ಖಾನೆ ಮಾಡಿ, ಎ ಯಿಂದ ಝಡ್‌ವರೆಗಿನ ನಿಯಮವನ್ನು ತೆಗೆದುಹಾಕಿ, ಅಜ್ಜಿಯನ್ನು ಮತ್ತೆ ಕರೆದಳು.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇದು ಆಕಸ್ಮಿಕವೋ ಅಲ್ಲವೋ ಭಾಷಾಶಾಸ್ತ್ರಜ್ಞರು ಹೇಳಬೇಕು. ಆದರೆ ಮನುಷ್ಯರ ನಡುವೆ ಈ ಎರಡೂ ಸಾಮಾನ್ಯವಾಗಿ ಒಟ್ಟಿಗೇ ನಡೆಯುವ ಕೆಲಸಗಳು. ಪ್ರಶ್ನೆ ಹಾಕಿದವನು ಎದುರಿಗೆ ಕುಳಿತಿರುತ್ತಾನೆ. ಹೇಳುವವರ ದನಿ ನಡುಗಿದರೆ ಅವನಿಗೆ ತಿಳಿಯುತ್ತದೆ, ‘ಹೋಗಲಿ ಬಿಡಿ’ ಎಂದು ಮಾತು ಬದಲಿಸುತ್ತಾನೆ. ಹಿಂದೆ ಊರಿನ ಶಾನುಭೋಗರಿಗೆ ಯಾರ ಜಮೀನು ಎಷ್ಟು, ಯಾರ ಸಾಲ ಎಷ್ಟು ಎಲ್ಲವೂ ಗೊತ್ತಿತ್ತು. ಅವರೆಲ್ಲ ಸಾಧುಗಳಾಗಿದ್ದರು ಎಂದು ನಾವು ಹೇಳುತ್ತಿಲ್ಲ, ಹಳ್ಳಿಯಲ್ಲಿ ಹುಟ್ಟಿದವರು ಯಾರೂ ಹೇಳುವುದಿಲ್ಲ. ಆದರೆ ಶಾನುಭೋಗರ ಮುಖ ಊರಿಗೆ ಗೊತ್ತಿತ್ತು, ಕಡತ ಇರುವ ಪೆಟ್ಟಿಗೆ ಯಾವುದೆಂದೂ ಗೊತ್ತಿತ್ತು. ವೆಬ್ ಪುಟ ಕೇಳುತ್ತದೆ, ಕಿವಿಗೊಡುವುದಿಲ್ಲ. ಮುಖವೂ ಇಲ್ಲ, ಪೆಟ್ಟಿಗೆ ಎಲ್ಲಿದೆಯೋ ಕಾಣಿಸುವುದಿಲ್ಲ. ಅದರ ಬದಲಿಗೆ ಕಿವಿಗೊಡಬೇಕಾದವನು ಅದನ್ನು ಮಾಡಿದವನು, ಅದೂ ಮಾಡುವಾಗಲೇ, ಉತ್ತರ ಕೊಡುವವರು ಇನ್ನೂ ಬರುವುದಕ್ಕೆ ಮೊದಲೇ. ಇದು ದೊಡ್ಡವರಿಗೂ ಸುಲಭದ ಕೆಲಸವಲ್ಲ.

ಇಲ್ಲಿ ಜಾಲದ ಇತಿಹಾಸದ ಒಂದು ಸಂಗತಿಯನ್ನು ಹೇಳಬೇಕು, ಮಕ್ಕಳಿಗೂ ಹೇಳಿದ್ದೆವು. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ 1989ರಲ್ಲಿ ಈ ಜಾಲದ ಕಲ್ಪನೆಯನ್ನು ಬರೆದುಕೊಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲೆಂದು ಬಿಟ್ಟುಕೊಟ್ಟಿತು. ಅವರು ಮಾಡಿದ ವ್ಯವಸ್ಥೆಯ ಮೂಲಸ್ವಭಾವ ಮರೆವು. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಸರ್ವರಿಗೆ ಅದು ಹೊಸ ಮುಖ. ಅಂಗಡಿ ನಡೆಸುವವರಿಗೆ ಇದರಿಂದ ತೊಡಕಾಯಿತು: ಗಿರಾಕಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬ ತರುಣ ಇದಕ್ಕೆ ಕುಕಿ ಎಂಬ ಉಪಾಯ ಕಂಡುಹಿಡಿದರು. ಸರ್ವರ್ ಒಂದು ಚಿಕ್ಕ ಚೀಟಿಯನ್ನು ಬ್ರೌಸರಿನ ಕೈಯಲ್ಲಿಡುತ್ತದೆ. ಬ್ರೌಸರ್ ಮುಂದಿನ ಸಲ ಆ ಚೀಟಿ ತೋರಿಸುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಶಾಶ್ವತ ನಂಬರು ಕೊಟ್ಟುಬಿಡುವ ದಾರಿಯೂ ಇತ್ತು. ಹಾಗೆ ಮಾಡಿದರೆ ಎಲ್ಲ ಕಡೆಗಳಲ್ಲೂ ಒಬ್ಬನ ಬೆನ್ನು ಹತ್ತಬಹುದೆಂದು ಮಾಂಟುಲ್ಲಿ ಅದನ್ನು ಬಿಟ್ಟು, ಒಂದು ತಾಣದ ಚೀಟಿ ಆ ತಾಣಕ್ಕೆ ಮಾತ್ರ ಎಂಬ ಏರ್ಪಾಡು ಮಾಡಿದ್ದರು. ಆದರೂ ಜಾಹೀರಾತಿನವರು ಬೇರೆಯವರ ಪುಟಗಳೊಳಗೆ ತಮ್ಮ ಚಿತ್ರದ ತುಣುಕುಗಳನ್ನು ಸೇರಿಸಿ, ಅದೇ ಚೀಟಿಯಿಂದ ಊರೆಲ್ಲ ಬೆನ್ನು ಹತ್ತುವ ದಾರಿ ಕಂಡುಕೊಂಡರು. ಒಳ್ಳೆಯ ಉದ್ದೇಶದಿಂದ ಎಚ್ಚರವಹಿಸಿ ಮಾಡಿದವನ ಕೈಯನ್ನೂ ಮೀರಿ ನೆನಪು ಬೆಳೆಯಿತು. ಇನ್ನು ಎಚ್ಚರವೇ ಇಲ್ಲದೆ ಮಾಡಿದವರ ಪಾಡೇನು?

ಆ ಪಾಡು ನಮ್ಮದೇ ಆಯಿತು. ಈ ಲೇಖನ ಬರೆಯಲು ಕಾರಣವಾದ ಸಂಗತಿಗೆ ಈಗ ಬರುತ್ತೇವೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮಕ್ಕಳ ಅಭ್ಯಾಸಕ್ಕೆ ಒಂದು ಪಟ್ಟಿ ಬೇಕಾಗಿತ್ತು. ಕಲ್ಪಿತ ಹೆಸರುಗಳ ಪಟ್ಟಿ ಮಾಡಿಕೊಡಬಹುದಾಗಿತ್ತು. ಸೋಮಾರಿತನದಿಂದ, ‘ನಮ್ಮ ಮಕ್ಕಳೇ ತಾನೆ’ ಎಂಬ ಸಲಿಗೆಯಿಂದ, ಸಂಘದ ಸದಸ್ಯರ ಪಟ್ಟಿಯನ್ನೇ ನಾವು ಅವರ ಕೈಗಿತ್ತೆವು. ಹೆಸರು, ವಿಳಾಸ, ಫೋನು, ಇ-ಮೇಲ್, ಹುಟ್ಟಿದ ದಿನ ಎಲ್ಲವೂ ಅದರಲ್ಲಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಬಳಸಿ ಸುಂದರವಾದ ಕೆಲಸ ಮಾಡಿದ. ದಿನ ಬೆಳಿಗ್ಗೆ ಏಳು ಗಂಟೆಗೆ ಅಂದಿನ ತಾರೀಖನ್ನು ಪಟ್ಟಿಯೊಂದಿಗೆ ಹೋಲಿಸಿ, ಯಾರ ಹುಟ್ಟುಹಬ್ಬವೋ ಅವರಿಗೆ ಸಂಘದ ಪರವಾಗಿ ಕನ್ನಡದಲ್ಲಿ ಶುಭಾಶಯದ ಇ-ಮೇಲ್ ಹೋಗುವಂತೆ ಏರ್ಪಡಿಸಿದ. ನಾವೆಲ್ಲ ಮೆಚ್ಚಿ ಚಪ್ಪಾಳೆ ತಟ್ಟಿದೆವು. ಎಂಟು ದಿನ ಎಲ್ಲರಿಂದಲೂ ಹೊಗಳಿಕೆ ಬಂತು. ಒಂಬತ್ತನೆಯ ದಿನ ಕಾರ್ಯದರ್ಶಿಗಳಿಗೆ ಹಿರಿಯ ಮಹಿಳೆಯೊಬ್ಬರಿಂದ ಫೋನ್ ಬಂತು. ಅವರ ಯಜಮಾನರು ನಮ್ಮ ಸಂಘದ ಹಳೆಯ ಸದಸ್ಯರು, ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಫೋನನ್ನು ಆಕೆ ಇನ್ನೂ ಚಾರ್ಜು ಮಾಡಿ ಇಟ್ಟುಕೊಂಡಿದ್ದರು. ಅಂದು ಬೆಳಿಗ್ಗೆ ಅದರಲ್ಲಿ ಬಂದಿತ್ತು: ಎಂಬತ್ತೊಂದನೆಯ ಹುಟ್ಟುಹಬ್ಬದ ಶುಭಾಶಯಗಳು, ನೂರ್ಕಾಲ ಬಾಳಿರಿ. ಅಷ್ಟೇ ಅಲ್ಲ, ಪಟ್ಟಿ ಮಾಡುವಾಗ ಯಾರೋ ಅವರ ಊರನ್ನು ಆಡನಾವ್ ಮಾಡಿ ಮೊದಲು ಬರೆದಿದ್ದರಿಂದ, ಒಕ್ಕಣೆ ‘ಪ್ರಿಯ ಹೊಸಹಳ್ಳಿ’ ಎಂದು ಶುರುವಾಗಿತ್ತು.

ಆಕೆ ಬೈಯಲಿಲ್ಲ. ‘ಹೊಸಹಳ್ಳಿ ಅವರ ಹೆಸರಲ್ಲ, ಊರು’ ಎಂದರಂತೆ. ಸ್ವಲ್ಪ ತಡೆದು, ‘ಇದನ್ನು ಬರೆದೋರು ಯಾರು?’ ಎಂದು ಕೇಳಿದರಂತೆ.

ಗಾಬರಿಯಾಗಿ ಪುಟವನ್ನು ಬಿಚ್ಚಿ ನೋಡಿದಾಗ ಇನ್ನೊಂದು ಹೊರಬಿತ್ತು. ಆ ಹುಡುಗ ಪಟ್ಟಿಯನ್ನೆಲ್ಲ ಜಾವಾಸ್ಕ್ರಿಪ್ಟ್ ಕಡತದೊಳಗೇ ಬರೆದು ಅಂತರ್ಜಾಲದ ಉಚಿತ ಜಾಗವೊಂದಕ್ಕೆ ಏರಿಸಿದ್ದ. ಬ್ರೌಸರಿಗೆ ಹೋಗುವ ಕಡತವನ್ನು ಬ್ರೌಸರ್ ಇರುವ ಯಾರು ಬೇಕಾದರೂ ಓದಬಹುದು. ಪುಟದ ಮೂಲವನ್ನು ತೋರಿಸು ಎಂದರೆ ತೋರಿಸುತ್ತದೆ. ಮುನ್ನೂರಕ್ಕೂ ಹೆಚ್ಚು ಮನೆಗಳ ಫೋನು, ವಿಳಾಸ, ಹುಟ್ಟಿದ ದಿನ ಒಂಬತ್ತು ದಿನ ಬೀದಿಯಲ್ಲಿ ಬಿದ್ದಿದ್ದವು. ಯಾರಾದರೂ ಎತ್ತಿಕೊಂಡರೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಆ ಸಂಜೆಯೇ ತೆಗೆದುಹಾಕಿ, ಎಲ್ಲ ಸದಸ್ಯರಿಗೂ ಕಾಗದ ಬರೆದು ತಿಳಿಸಿದೆವು. ಅದನ್ನು ಓದಿ ಸಿಟ್ಟಾದವರ ಸಿಟ್ಟು ನ್ಯಾಯವಾದದ್ದೇ.

ಗಮನಿಸಬೇಕಾದದ್ದೇನೆಂದರೆ, ಹುಡುಗನ ಪ್ರೋಗ್ರಾಮಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಾರೀಖು ಸರಿಯಾಗಿ ಹೋಲಿಸಿತ್ತು, ವಯಸ್ಸು ಸರಿಯಾಗಿ ಲೆಕ್ಕ ಹಾಕಿತ್ತು, ಸರಿಯಾದ ವಿಳಾಸಕ್ಕೆ ಸರಿಯಾದ ಹೊತ್ತಿಗೆ ಹೋಗಿತ್ತು. ಪರೀಕ್ಷೆಯಾಗಿದ್ದರೆ ನೂರಕ್ಕೆ ನೂರು. ತಪ್ಪು ಎಲ್ಲಿ ಆಯಿತು ಎಂದು ನಾವು ನಮ್ಮೊಳಗೇ ಬಹಳ ಚರ್ಚಿಸಿದೆವು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಯಲ್ಲಿ ಬೀಗದ ಕೈ ಕೊಟ್ಟು ಹೋಗುತ್ತೇವೆ, ತುಳಸಿಗೆ ನೀರು ಹಾಕಲು. ಅವರು ತಮ್ಮ ನೆಂಟರನ್ನು ನಾಲ್ಕು ದಿನ ನಮ್ಮ ಮನೆಯಲ್ಲಿ ಇಳಿಸಿದರು ಎನ್ನಿ. ಒಂದು ಸಾಮಾನೂ ಕಳುವಾಗಿಲ್ಲ, ಮನೆ ಗುಡಿಸಿಯೂ ಇದೆ. ಆದರೂ ನಾವು ಮುಂದಿನ ಸಲ ಕೈ ಕೊಡುವುದಿಲ್ಲ. ಸದಸ್ಯರು ಹುಟ್ಟಿದ ದಿನವನ್ನೂ ಫೋನನ್ನೂ ಕೊಟ್ಟದ್ದು ಈ ಪತ್ರಿಕೆ ಮನೆಗೆ ಬರಲಿ, ನಾಡಹಬ್ಬದ ಕರೆಯೋಲೆ ತಲುಪಲಿ, ಸದಸ್ಯತ್ವದ ಅರ್ಜಿಯ ಖಾನೆ ತುಂಬಲಿ ಎಂದು. ಮಕ್ಕಳ ಪಾಠಕ್ಕೆಂದು ಕೊಟ್ಟಿರಲಿಲ್ಲ. ಬೀಗದ ಕೈ ಹುಡುಗನ ಕೈಗೆ ಹೋದದ್ದು ನಮ್ಮ ಕೈಯಿಂದ. ಇನ್ನೂ ಹಿಂದೆ ಹೋದರೆ, ಸದಸ್ಯತ್ವದ ಅರ್ಜಿಯಲ್ಲಿ ಹುಟ್ಟಿದ ದಿನ ಏಕೆ ಕೇಳಿದ್ದೆವು? ಯಾರಿಗೂ ನೆನಪಿಲ್ಲ. ಹಿಂದಿನ ಅರ್ಜಿಯಲ್ಲಿ ಇತ್ತು, ಇದರಲ್ಲೂ ಇತ್ತು.

ಈ ಘಟನೆಯ ಮೇಲೆ ಸಮಿತಿಯಲ್ಲಿ ಎರಡು ಅಭಿಪ್ರಾಯ ಬಂದವು. ಒಬ್ಬರು, ಇಷ್ಟೆಲ್ಲ ಅಪಾಯವಿದ್ದರೆ ಮೊದಲ ಮೆಟ್ಟಿಲಿಗೇ ನಿಲ್ಲಿಸಿ, ಕೆರೆ, ಕೋಲ, ರೊಟ್ಟಿ ಸಾಕು ಎಂದರು. ಇನ್ನೊಬ್ಬರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮಕ್ಕಳಿಗೆ ವಿದ್ಯೆ ಕಲಿಸಿ, ವೇದಾಂತ ಬೇಡ. ನಾಳೆ ಕೆಲಸಕ್ಕೆ ಸೇರಿದರೆ ಕಂಪನಿಯೇ ನಿಯಮ ಹೇಳಿಕೊಡುತ್ತದೆ, ಈಗಿನಿಂದಲೇ ಹೆದರಿಸಿದರೆ ಕೈ ಕಟ್ಟಿಹಾಕಿದಂತಾಗುತ್ತದೆ ಎಂದರು. ಮೊದಲನೆಯ ಮಾತು ನಮಗೂ ಒಂದು ವಾರ ಹಿತವೆನಿಸಿತ್ತು. ಆದರೆ ನಿಲ್ಲಿಸುವುದು ಯಾರ ಕೈಯಲ್ಲಿದೆ? ನಮ್ಮ ಮಕ್ಕಳಲ್ಲೇ ಇಬ್ಬರು ಮಾತಾಡುವ ಎಐ ಯಂತ್ರಕ್ಕೆ ‘ಒಂದು ಸಂಘಕ್ಕೆ ಸದಸ್ಯತ್ವದ ಫಾರಂ ಮಾಡಿಕೊಡು’ ಎಂದರು. ಒಂದು ನಿಮಿಷದೊಳಗೆ ಅದು ಮಾಡಿಕೊಟ್ಟಿತು: ಫಸ್ಟ್ ನೇಮ್, ಲಾಸ್ಟ್ ನೇಮ್, ಹುಟ್ಟಿದ ದಿನ, ಫೋನ್, ಎಲ್ಲವೂ ರಿಕ್ವೈರ್ಡ್. ಲೋಕದಲ್ಲಿ ಈಗಾಗಲೇ ಇರುವ ಫಾರಂಗಳನ್ನು ಓದಿ ಕಲಿತ ಯಂತ್ರ ಇನ್ನೇನು ಮಾಡೀತು? ಬರೆಯುವ ಶ್ರಮ ಇಲ್ಲದಾದ ಮೇಲೆ ಕಲಿಸಲು ಉಳಿದಿರುವುದು ಯಾವ ಖಾನೆ ಇರಬೇಕು, ಯಾವುದು ಇರಬಾರದು ಎಂಬುದೇ. ಬ್ಯಾಂಕಿನ ಹಿರಿಯರಿಗೆ ನಮ್ಮ ಉತ್ತರ ಇಷ್ಟು: ಇದು ವಿದ್ಯೆಯಿಂದ ಬೇರೆಯಾದ ವೇದಾಂತವಲ್ಲ. ಪಾಸ್‌ವರ್ಡನ್ನು ಇದ್ದಂತೆ ಬರೆದಿಡದೆ, ಹಿಂದಕ್ಕೆ ತಿರುಗಿಸಲಾರದ ಹಾಗೆ ರೂಪ ಬದಲಿಸಿ ಇಡಬೇಕೆಂದು ನಾವು ಕಲಿಸುತ್ತೇವೆ. ಅದು ಒಳ್ಳೆಯ ಕಸುಬು. ಆದರೆ ಏಕೆ ಎಂದು ಮಗು ಕೇಳಿದರೆ ಕೊಡುವ ಉತ್ತರ, ಗೆಳೆಯನ ಪಾಸ್‌ವರ್ಡ್ ನಿನಗೂ ಗೊತ್ತಾಗಬಾರದು ಎಂಬುದು. ಇಲ್ಲಿ ಕಸುಬು ಎಲ್ಲಿ ಮುಗಿಯಿತು, ವೇದಾಂತ ಎಲ್ಲಿ ಶುರುವಾಯಿತು?

ಕಾನೂನೂ ಇದೆ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ತೀರ್ಪು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. (ಹೆಸರನ್ನು ಗಮನಿಸಿ: ಮುಂದೆ ಎರಡು ಅಕ್ಷರ, ಆಮೇಲೆ ಒಂದೇ ಹೆಸರು.) 2023ರ ಆಗಸ್ಟಿನಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆ ಮಾಡಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹದಿನೆಂಟು ತುಂಬದವರೆಲ್ಲ ಆ ಕಾಯಿದೆಯ ಕಣ್ಣಿನಲ್ಲಿ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕು. ನಮ್ಮ ವಿದ್ಯಾರ್ಥಿಗಳು ಹೀಗೆ ಕಾಯಿದೆಯ ರಕ್ಷಣೆಯಲ್ಲಿರುವವರು. ಆದರೆ ಕೀಲಿಮಣೆಯ ಮುಂದೆ ಕುಳಿತಾಗ ಅವರೇ ಇನ್ನೊಬ್ಬರ ಮಾಹಿತಿಯನ್ನು ಬೇಡುವವರು. ಕಾಯಿದೆ ದಂಡ ಹೇಳಬಲ್ಲದು. ‘ಪ್ರಿಯ ಹೊಸಹಳ್ಳಿ’ ಎಂಬುದನ್ನು ಓದಿದ ಬೆಳಗಿನ ವಿಷಯದಲ್ಲಿ ಅದು ಏನು ಹೇಳೀತು?

ಈಗ ತರಗತಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮಗು ತನ್ನ ಫಾರಂನ ಪ್ರತಿಯೊಂದು ಖಾನೆಯನ್ನೂ ಉಳಿದವರ ಮುಂದೆ ನಿಂತು ಸಮರ್ಥಿಸಬೇಕು. ಇದು ಏಕೆ ಬೇಕು, ಯಾರು ನೋಡುತ್ತಾರೆ, ಯಾವತ್ತು ಅಳಿಸುತ್ತೀ? ಮೊದಮೊದಲು ಇದು ಕಾಟವೆನಿಸಿತ್ತು. ಈಗ ಅದೇ ತರಗತಿಯ ಅತ್ಯಂತ ಗಲಾಟೆಯ ಹೊತ್ತು. ಹುಟ್ಟುಹಬ್ಬದ ಶುಭಾಶಯಕ್ಕೆ ತಿಂಗಳು, ತಾರೀಖು ಸಾಕು, ವರ್ಷ ಏಕೆ ಎಂದು ಏಳನೆಯ ತರಗತಿಯವಳೊಬ್ಬಳು ಕೇಳಿದಾಗ ದೊಡ್ಡವರೆಲ್ಲ ತಬ್ಬಿಬ್ಬಾದರು. ಗಂಡು, ಹೆಣ್ಣು ಎಂಬ ಖಾನೆ ಕ್ರಿಕೆಟ್ ಪಂದ್ಯದ ಅರ್ಜಿಯಲ್ಲಿ ಉಳಿಯಿತು, ಪುಸ್ತಕ ಎರವಲಿನ ಅರ್ಜಿಯಿಂದ ಹೋಯಿತು. ಪುಸ್ತಕ ಎರವಲಿನ ಅರ್ಜಿ ಉತ್ತರವನ್ನು ಗೆಟ್ ವಿಧಾನದಿಂದ ಕಳುಹಿಸುತ್ತಿದ್ದುದರಿಂದ ಬರೆದದ್ದೆಲ್ಲ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುತ್ತಿತ್ತು, ಹಿಸ್ಟರಿಯಲ್ಲೂ ಉಳಿಯುತ್ತಿತ್ತು. ಅದನ್ನು ಮಕ್ಕಳೇ ಹಿಡಿದರು.

ಆದರೆ ಕೇಳದೆ ಬಿಡುವುದೇ ಪುಣ್ಯ ಎಂಬ ಹೊಸ ಮಡಿಯೂ ಬೆಳೆಯತೊಡಗಿತ್ತು, ಅದನ್ನು ಮುರಿದವನು ಒಬ್ಬ ಹುಡುಗ. ರಕ್ತದಾನಿಗಳ ಪಟ್ಟಿಯ ಪುಟ ಅವನದು. ಫೋನ್ ನಂಬರಿನ ಖಾನೆಗೆ ಎಲ್ಲರೂ ಮುಗಿಬಿದ್ದರು. ಅವನು ಬಿಡಲಿಲ್ಲ. ‘ನಮ್ಮ ಅಪ್ಪನಿಗೆ ಆಪರೇಶನ್ ಆದಾಗ ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ಫೋನ್ ಮಾಡಿದ್ವಿ. ಅವರು ಬಂದ್ರು. ನಂಬರ್ ಇಲ್ದೆ ಇದ್ದಿದ್ರೆ?’ ಯಾರೂ ಮಾತಾಡಲಿಲ್ಲ. ನಂಬರು ಇರಲಿ, ಆದರೆ ಪುಟದಲ್ಲಿ ಕಾಣಿಸದೆ ಇಬ್ಬರು ಹಿರಿಯರ ಬಳಿ ಮಾತ್ರ ಇರಲಿ, ವರ್ಷಕ್ಕೊಮ್ಮೆ ದಾನಿಗಳನ್ನು ಮತ್ತೆ ಕೇಳೋಣ ಎಂದಾಯಿತು. ಈ ತೀರ್ಮಾನದಲ್ಲಿ ನಮ್ಮ ಪಾಲು ಏನೂ ಇರಲಿಲ್ಲ.

ಆ ಹಿರಿಯ ಮಹಿಳೆಯ ಪ್ರಶ್ನೆ ಬಾಕಿ ಉಳಿದಿತ್ತು: ಇದನ್ನು ಬರೆದವರು ಯಾರು? ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ ಹುಡುಗನನ್ನು ಕರೆದುಕೊಂಡು ನಾವಿಬ್ಬರು ಅವರ ಮನೆಗೆ ಹೋದೆವು. ತಪ್ಪು ನಮ್ಮದು ಎಂದು ಹೇಳಿ ಕ್ಷಮೆ ಕೇಳಬೇಕೆಂದಿದ್ದೆವು, ಹೇಳಿದೆವು ಕೂಡ. ಆಕೆ ನಮ್ಮ ಕಡೆಗೆ ಅಷ್ಟಾಗ� ಗಮನ ಕೊಡಲಿಲ್ಲ. ಕಾಫಿ ಕೊಟ್ಟು, ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಆ ಯಂತ್ರ ದಿನಾ ಬೆಳಿಗ್ಗೆ ಏನೇನು ಮಾಡುತ್ತದೆ ಎಂದು ಕೇಳಿ ತಿಳಿದುಕೊಂಡರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಅಜ್ಜನ ಹೆಸರನ್ನು ಪಟ್ಟಿಯಿಂದ ಪೂರ್ತಿ ತೆಗೆದಿದ್ದೇನೆ ಎಂದ.

‘ಪೂರ್ತಿ ತೆಗೆದುಬಿಟ್ಟೆಯಾ? ನನ್ನನ್ನು ಕೇಳಲಿಲ್ಲವಲ್ಲ ಮರಿ.’

ಅವನು ನಮ್ಮ ಮುಖ ನೋಡಿದ. ನಮಗೂ ಹೊಳೆದಿರಲಿಲ್ಲ.

‘ಹುಟ್ಟಿದ ದಿನ ಬೇಡ. ಹೆಸರು ಇರಲಿ. ಮೂವತ್ತೆಂಟು ವರ್ಷ ಮೆಂಬರಾಗಿದ್ದೋರು. ಸರಿಯಾಗಿ ಬರಿ, ನಾನು ಹೇಳ್ತೀನಿ.’

ಹುಡುಗ ಅಲ್ಲೇ ಲ್ಯಾಪ್‌ಟಾಪ್ ತೆರೆದ. ಆಕೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ಅವನು ಕನ್ನಡದಲ್ಲಿ ಬರೆದ. ಬರೆದದ್ದನ್ನು ಆಕೆಯ ಕಡೆಗೆ ತಿರುಗಿಸಿ ತೋರಿಸಿ, ಆಮೇಲೆ ಅಳುಕುತ್ತ ಕೇಳಿದ: ‘ಅಜ್ಜಿ, ನಿಮ್ಮ ಫೋನ್ ನಂಬರ್ ಇದರಲ್ಲಿ ಇರಬೇಕಾ, ಬೇಡವಾ?’

ಆಕೆ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದರು.

‘ಇದು ಯಾರ‍್ಯಾರಿಗೆ ಕಾಣತ್ತೆ, ಮೊದಲು ಅದನ್ನು ಹೇಳು’ ಎಂದರು.